ನಮ್ಮವರು ಹೇಳಿದ ಬಣ್ಣ

ಕೂಡ್ಲಿಗಿ
6 ನವೆಂಬರ್ 2024

ಪ್ರೀತಿಯ ಅನ್ನದಾನಮ್ಮಕ್ಕನವರಿಗೆ,

ಶಿವಲೀಲಾಳ ನಮಸ್ಕಾರ. ಫೋನಿನಲ್ಲಿ ನಿಮಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ನಾನು ಗಟ್ಟಿಯಾಗಿ ಮಾತಾಡಿದರೆ ನಿಮ್ಮೊಬ್ಬರನ್ನು ಬಿಟ್ಟು ಇಡೀ ಓಣಿಗೆ ಕೇಳುತ್ತದೆ. ಅದಕ್ಕೇ ಈ ಕಾಗದ. ಬರೆದು ಒಂದು ವರ್ಷದ ಮೇಲಾಯಿತು. ನಿಮ್ಮ ತಮ್ಮ ತೀರಿಹೋದ ಈ ಮೂರು ವರ್ಷದಲ್ಲಿ ನಾನು ಹರಪನಹಳ್ಳಿಗೆ ಬಂದದ್ದು ಎರಡೇ ಸಲ, ನೀವು ಇಲ್ಲಿಗೆ ಒಮ್ಮೆಯೂ ಬರಲಿಲ್ಲ. ಯಾರದು ತಪ್ಪು ಎಂದು ಹುಡುಕಲು ಬರೆಯುತ್ತಿಲ್ಲ. ಒಂದು ಒಳ್ಳೆಯ ಸುದ್ದಿ ಇದೆ, ಅದನ್ನು ಮೊದಲು ನಿಮಗೇ ಹೇಳಬೇಕೆನಿಸಿತು.

ಹೊಲಿಗೆಯ ಜೊತೆಗೆ ನಾನೊಂದು ಬ್ಲಾಗು ನಡೆಸುವುದು ನಿಮ್ಮ ಮಗಳು ಭೂಮಿಕಾಳಿಗೆ ಗೊತ್ತು. ‘ಬಣ್ಣ ಒಪ್ಪಿತು’ ಅಂತ ಹೆಸರು. ಯಾವ ಮೈಬಣ್ಣಕ್ಕೆ ಯಾವ ಸೀರೆ, ಯಾವ ಸೀರೆಗೆ ಯಾವ ಕುಪ್ಪಸ, ಇಷ್ಟೇ ಅದರಲ್ಲಿರುವುದು. ನಾನೇ ಉಟ್ಟು ಕಿಟಕಿಯ ಬೆಳಕಿನಲ್ಲಿ ನಿಂತು ಫೋಟೊ ತೆಗೆದು ಹಾಕುತ್ತೇನೆ, ಕೆಳಗೆ ನಾಲ್ಕು ಸಾಲು ಬರೆಯುತ್ತೇನೆ. ಈಗ ಅದನ್ನು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ನೋಡುತ್ತಾರಂತೆ. ನನಗೇ ನಂಬಿಕೆಯಾಗುವುದಿಲ್ಲ.

ಹೋದ ವಾರ ‘ಹೊನ್ನಸೆರಗು’ ಬಟ್ಟೆ ಅಂಗಡಿಯವರು ಮನೆಗೆ ಬಂದಿದ್ದರು. ಹಗರಿಬೊಮ್ಮನಹಳ್ಳಿ, ಹಡಗಲಿ, ನಿಮ್ಮ ಹರಪನಹಳ್ಳಿ, ಮೂರೂ ಕಡೆ ಅವರ ಅಂಗಡಿ ಇದೆಯಲ್ಲ. ಮಾಲೀಕರು ಉಜ್ಜಿನಪ್ಪನವರು, ನಿಮ್ಮ ಯಜಮಾನರಾದ ಮಾವನವರಿಗೆ ಮೆಕ್ಕೆಜೋಳದ ವ್ಯಾಪಾರದಿಂದ ಪರಿಚಯವಿರಬೇಕು. ಪ್ರಚಾರದ ಕೆಲಸ ನೋಡಿಕೊಳ್ಳುವ ಭಾಗ್ಯ ಎಂಬ ಹುಡುಗಿ ಜೊತೆಗಿದ್ದಳು. ಈ ಸಲದ ಮದುವೆ ಕಾಲಕ್ಕೆ ನಲವತ್ತು ಸೀರೆಗಳ ಬಣ್ಣವನ್ನು ನಾನೇ ಆರಿಸಬೇಕು, ಹೆಸರೂ ನಾನೇ ಇಡಬೇಕು, ಉಟ್ಟು ನಿಂತ ಫೋಟೊ ಮೂರೂ ಅಂಗಡಿಯ ಗೋಡೆಗೆ ಬರುತ್ತದೆ. ನಾನು ಬಣ್ಣಗಳಿಗೆ ಇಡುವ ಹೆಸರುಗಳು ಅವರಿಗೆ ಬಹಳ ಹಿಡಿಸಿವೆ. “ಹಿಂಗ ಹೆಸರಿಡೋರನ್ನ ನಾವೆಲ್ಲೂ ನೋಡಿಲ್ರಿ ಅಕ್ಕಾರ” ಎಂದಳು ಭಾಗ್ಯ.

ಕೋಗಳಿಯ ಹಳೆ ಬಸದಿಯಲ್ಲಿ ಫೋಟೊ ತೆಗೆಯುತ್ತಾರಂತೆ. ಬೇಡವೆನ್ನಲು ಮನಸ್ಸಿಲ್ಲ. ಭೂಮಿಕಾಳ ಸಂಬಂಧ ಗೊತ್ತಾಯಿತು ಎಂದು ಕೇಳಿದೆ. ಅವಳ ಮದುವೆಯ ಕುಪ್ಪಸಗಳನ್ನು ಬೇರೆ ಯಾರಿಗೂ ಕೊಡಬೇಡಿ.

ನಿಮ್ಮ
ಶಿವಲೀಲಾ


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಹರಪನಹಳ್ಳಿ
18 ನವೆಂಬರ್ 2024

ಚಿ. ಶಿವಲೀಲಾಳಿಗೆ ಅನ್ನದಾನಮ್ಮನ ಆಶೀರ್ವಾದ.

ಕಾಗದ ಮುಟ್ಟಿತು. ನಾವು ಚೆನ್ನಾಗಿದ್ದೇವೆ. ಭೂಮಿಕಾಳಿಗೆ ಇಟ್ಟಿಗಿ ಊರಿನ ಸಂಬಂಧ ಗೊತ್ತಾಗಿದೆ. ಹುಡುಗನಿಗೆ ಹೊಲವಿದೆ, ಗೊಬ್ಬರದ ಅಂಗಡಿಯೂ ಇದೆ. ಫೆಬ್ರವರಿಯಲ್ಲಿ ಮಾಡಬೇಕೆಂದಿದ್ದೇವೆ. ಕುಪ್ಪಸದ ವಿಷಯ ಆಮೇಲೆ ನೋಡೋಣ.

ನಿನ್ನ ಸುದ್ದಿ ಓದಿದೆ. ಉಜ್ಜಿನಪ್ಪನವರು ದೊಡ್ಡ ಮನುಷ್ಯರು. ಅವರು ತಾವಾಗಿ ಮನೆಗೆ ಬಂದರೆಂದರೆ ನಿನ್ನ ಕೆಲಸ ಚೆನ್ನಾಗಿಯೇ ಇರಬೇಕು. ನೀನು ಬಣ್ಣ ಉಡಬೇಡ ಎಂದು ನಾನು ಎಂದೂ ಹೇಳಿದವಳಲ್ಲ. ನನ್ನ ತಮ್ಮ ಗುರುಬಸು ತೀರಿಹೋದ ತಿಂಗಳಲ್ಲೇ ನಿನ್ನ ಬಳೆ ತೆಗೆಸಬೇಕೆಂದು ಬಂದ ಹೆಂಗಸರನ್ನು ಬಾಗಿಲಲ್ಲೇ ವಾಪಸು ಕಳಿಸಿದವಳು ನಾನು. ಅದು ನಿನಗೆ ನೆನಪಿರಬಹುದು.

ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡ. ಆಗಸ್ಟಿನಲ್ಲಿ ಅವನ ಪುಣ್ಯಸ್ಮರಣೆಗೆ ನೀನು ಬರಲಿಲ್ಲ. ಹೊಲಿಗೆಯ ಗಡಿಬಿಡಿ ಎಂದು ಹೇಳಿ ಕಳಿಸಿದೆ. ಅವ್ವ ಸತ್ತಾಗ ಅವನಿಗೆ ನಾಲ್ಕು ವರ್ಷ, ನನಗೆ ಹದಿನಾರು. ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಜಂಗಮರ ಪಾದಕ್ಕೆ ನೀರು ಹಾಕುವಾಗ ಪಕ್ಕದಲ್ಲಿ ಅವನ ಹೆಂಡತಿ ಇಲ್ಲವಲ್ಲ ಎಂದು ಎಲ್ಲರೂ ಕೇಳಿದರು. ನಾನೇ ಏನೋ ಒಂದು ಹೇಳಿದೆ.

ಫೋಟೊ ತೆಗೆಸಿಕೊಳ್ಳುವಾಗ ಮೈಮೇಲೆ ಎಚ್ಚರವಿರಲಿ.

ಅನ್ನದಾನಮ್ಮ


ಕೂಡ್ಲಿಗಿ
9 ಡಿಸೆಂಬರ್ 2024

ಪ್ರೀತಿಯ ಅಕ್ಕನವರಿಗೆ,

ಆಗಸ್ಟಿನಲ್ಲಿ ಬರದಿದ್ದುದಕ್ಕೆ ನೀವು ಸಿಟ್ಟಾದದ್ದು ಸರಿ. ಹೊಲಿಗೆಯ ಗಡಿಬಿಡಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಷ್ಟು ಜನರ ನಡುವೆ ಕುಳಿತು ಅವರು ಇಲ್ಲ ಎನ್ನುವುದನ್ನು ಕೇಳಿಸಿಕೊಳ್ಳಲು ನನಗೆ ಆಗುವುದಿಲ್ಲ. ಅಷ್ಟನ್ನೇ ಹೇಳಬಲ್ಲೆ.

ಕೋಗಳಿಗೆ ಹೋಗಿ ಬಂದೆವು. ಬೆಳಿಗ್ಗೆ ಏಳಕ್ಕೇ ಬಸದಿಯ ಮುಂದೆ ಇದ್ದೆವು. ಕಲ್ಲಿನ ಕಂಬಗಳ ಪಕ್ಕ ಎಳೆ ಬಿಸಿಲಿನಲ್ಲಿ ಸೀರೆಯ ಬಣ್ಣ ಕಾಣುವ ರೀತಿಯೇ ಬೇರೆ. ಒಂದು ದಿನದಲ್ಲಿ ಹನ್ನೊಂದು ಸೀರೆ ಉಟ್ಟೆ. ನೆರಿಗೆ ಹಿಡಿದು ಹಿಡಿದು ಭಾಗ್ಯಳ ಬೆರಳುಗಳೇ ನೋಯುತ್ತಿದ್ದವು. ಮದುಮಗಳ ಸೀರೆಯ ಇಟ್ಟಿಗೆಗೆಂಪಿಗೆ ನಾನು ‘ತೊಯ್ದ ಮಸಾರಿ’ ಎಂದು ಹೆಸರಿಟ್ಟಿದ್ದೇನೆ. ಮೊದಲ ಮಳೆ ಬಿದ್ದಾಗ ನಮ್ಮ ಕೆಂಪು ಹೊಲ ಹಾಗೇ ಅಲ್ಲವೇ ಇರುವುದು? ಇನ್ನೊಂದು ತಿಳಿಹಸಿರು, ಅದಕ್ಕೆ ‘ಹಾಲುದೆನಿ’. ಅದನ್ನು ಕೇಳಿ ಉಜ್ಜಿನಪ್ಪನವರು, ರೇಷ್ಮೆ ಅಂಗಡಿಯೊಳಗೆ ಜೋಳದ ತೆನೆ ತಂದು ಇಟ್ಟಿರಲ್ಲಾ ಎಂದು ನಕ್ಕರು.

ಇದಕ್ಕೆ ಸಮಯ ಬೇಕೆಂದು ಶಾಲೆಯ ಸಮವಸ್ತ್ರದ ಹೊಲಿಗೆಯನ್ನು ಬಿಟ್ಟುಕೊಟ್ಟೆ. ಆರು ವರ್ಷದ ಕೆಲಸ. ಈಗ ಅದನ್ನು ಬೇರೊಬ್ಬರು ಹಿಡಿದಿದ್ದಾರೆ. ಬಿಡುವಾಗ ಸ್ವಲ್ಪ ಭಯವಾಯಿತು. ಆದರೆ ಒಬ್ಬಳಿಗೆ ಇರುವುದು ಎರಡೇ ಕೈ.

ಮೊದಲ ಫೋಟೊಗಳು ಹೊಸ ವರ್ಷಕ್ಕೆ ಅಂಗಡಿಗೆ ಬರುತ್ತವೆ. ನೀವು ಭೂಮಿಕಾಳ ಬಟ್ಟೆಗೆ ಹೋದಾಗ ನೋಡುತ್ತೀರಿ. ಹೇಗಿದೆ ಎಂದು ಎರಡು ಸಾಲು ಬರೆಯಿರಿ.

ನಿಮ್ಮ
ಶಿವಲೀಲಾ


ಕೂಡ್ಲಿಗಿ
12 ಜನವರಿ 2025

ಅಕ್ಕನವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಮದುವೆಯ ಓಡಾಟ ಇರಬೇಕು ಎಂದುಕೊಂಡಿದ್ದೇನೆ.

ಹೊನ್ನಸೆರಗಿನವರು ಬೇಡವೆಂದರು. ಮೊನ್ನೆ ಬೆಳಿಗ್ಗೆ ಫೋನಿಗೆ ಒಂದು ಸಂದೇಶ ಬಂತು. ಹಾಗೆಯೇ ಬರೆಯುತ್ತೇನೆ: “ಕಾರಣಾಂತರಗಳಿಂದ ತಮ್ಮೊಂದಿಗಿನ ಸಹಯೋಗವನ್ನು ರದ್ದುಗೊಳಿಸಲಾಗಿದೆ. ನಮ್ಮ ಅಂಗಡಿಯ ಹೆಸರಿರುವ ಚಿತ್ರಗಳನ್ನು ತಮ್ಮ ಪುಟದಿಂದ ತೆಗೆದುಹಾಕಬೇಕಾಗಿ ವಿನಂತಿ.” ಕೆಳಗೆ ಯಾರ ಹೆಸರೂ ಇರಲಿಲ್ಲ. ಫೋನು ಮಾಡಿದರೆ ಭಾಗ್ಯ ಎತ್ತುತ್ತಿಲ್ಲ. ನಿನ್ನೆ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೇ ಹೋದೆ. ಉಜ್ಜಿನಪ್ಪನವರು ಊರಲ್ಲಿಲ್ಲ ಎಂದರು, ಒಳಗಿನ ಕೋಣೆಯಲ್ಲಿ ಅವರು ಕೆಮ್ಮಿದ್ದು ನನಗೆ ಕೇಳಿಸಿತು. ಗೋಡೆಯ ಮೇಲೆ ನನ್ನ ಫೋಟೊ ಇದ್ದ ಜಾಗದಲ್ಲಿ ನಾಲ್ಕು ಮೊಳೆ ಇದ್ದವು. ಸೀರೆ ತೋರಿಸುವ ಹುಡುಗಿಯರು ನನ್ನ ಮುಖ ನೋಡಲಿಲ್ಲ, ಕೊರಳು ನೋಡಿದರು.

ಏನು ತಪ್ಪಾಯಿತು ಎಂದು ಯೋಚಿಸಿ ತಲೆ ಕೆಟ್ಟಿದೆ. ನನ್ನ ಬಣ್ಣ ಕಪ್ಪಾಯಿತೇ? ಬೆಂಗಳೂರಿನ ಕಡೆಯ ಯಾವಳಾದರೂ ಸಿಕ್ಕಳೇ? ಭಾಗ್ಯಳ ಮೇಲೆ ಅನುಮಾನವಿದೆ. ಬಣ್ಣದ ಹೆಸರುಗಳನ್ನೆಲ್ಲ ಬರೆಸಿಕೊಂಡು ಹೋದವಳು ಅವಳೇ. ಕೆಲಸ ಮುಗಿಯಿತು, ಇನ್ನು ನಾನು ಯಾಕೆ ಬೇಕು?

ಮಾವನವರು ಉಜ್ಜಿನಪ್ಪನವರನ್ನು ಬಲ್ಲವರು. ಕಾರಣ ಏನೆಂದು ಒಂದೇ ಒಂದು ಸಲ ಕೇಳಲು ಹೇಳಿ. ಕೆಲಸ ವಾಪಸು ಕೊಡಿ ಎಂದು ಕೇಳುವುದು ಬೇಡ. ಕಾರಣ ಗೊತ್ತಾದರೆ ಸಾಕು.

ಶಿವಲೀಲಾ


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಹರಪನಹಳ್ಳಿ
20 ಜನವರಿ 2025

ಚಿ. ಶಿವಲೀಲಾಳಿಗೆ ಆಶೀರ್ವಾದ.

ಅಂಗಡಿಯವರ ವ್ಯವಹಾರ ಅಂಗಡಿಯವರಿಗೆ. ಇಂದು ಬೇಕು ಎನ್ನುತ್ತಾರೆ, ನಾಳೆ ಬೇಡ ಎನ್ನುತ್ತಾರೆ. ನಿಮ್ಮ ಮಾವನವರಿಗೆ ಇದನ್ನು ಹೇಳಿ ಅವರನ್ನು ಮುಜುಗರಕ್ಕೆ ತಳ್ಳುವುದು ನನಗೆ ಸರಿ ಕಾಣಲಿಲ್ಲ. ನೀನೂ ಅಲ್ಲಿಗೆ ಮತ್ತೆ ಹೋಗಬೇಡ. ಕೈಯಲ್ಲಿ ಹೊಲಿಗೆ ಇದೆ, ಅದು ಸಾಕು.

ಭೂಮಿಕಾಳ ಕುಪ್ಪಸಗಳನ್ನು ದಾವಣಗೆರೆಯಲ್ಲಿ ಹೊಲಿಸಲು ಕೊಟ್ಟಾಗಿದೆ. ಬೀಗರ ಕಡೆಯವರೇ ಅಲ್ಲಿ ಗೊತ್ತು ಮಾಡಿದರು.

ಅನ್ನದಾನಮ್ಮ


ಕೂಡ್ಲಿಗಿ
3 ಫೆಬ್ರವರಿ 2025

ಅಕ್ಕನವರಿಗೆ,

ನೀವು ಮಾವನವರಿಂದ ಕೇಳಿಸಲಿಲ್ಲ. ಆದರೂ ಕಾರಣ ತಾನಾಗಿಯೇ ನಮ್ಮ ಮನೆ ಬಾಗಿಲಿಗೆ ಬಂತು.

ಹಿಂದಿನ ಓಣಿಯ ಗಾದೆಮ್ಮ ಮಗಳ ಮದುವೆಗೆಂದು ಆರು ಕುಪ್ಪಸದ ಬಟ್ಟೆ ಕೊಟ್ಟಿದ್ದಳು. ಹೋದ ಸೋಮವಾರ ಬಂದು ವಾಪಸು ಕೇಳಿದಳು. ಇನ್ನೂ ಕತ್ತರಿ ಹಾಕಿರಲಿಲ್ಲ. ಬಟ್ಟೆಯನ್ನು ಎದೆಗವಚಿಕೊಂಡು ನಿಂತು, “ತಪ್ಪು ತಿಳ್ಕಬ್ಯಾಡವ್ವಾ, ನನ್ನ ಮನಸಿನ್ಯಾಗ ಏನೂ ಇಲ್ಲ. ನಿನ್ನ ಗಂಡ ಹೋದದ್ದು ನನಗ ಮೊದ್ಲಿಂದ ಗೊತ್ತೈತಿ. ಆದ್ರ ಈಗ ಎಲ್ಲಾರೂ ಮಾತಾಡಾಕ ಹತ್ಯಾರ. ಬೀಗರು ಒಂದು ಮಾತು ಅಂದ್ರ ಹುಡುಗಿ ಬಾಳೇವಿನ ಪ್ರಶ್ನಿ ಐತಲ್ಲ” ಎಂದಳು. ಏನು ಮಾತಾಡುತ್ತಾರೆ ಎಂದು ಕೇಳಿದೆ. ಹೇಳಲಿಲ್ಲ.

ಹೇಳಿದವನು ಮನೆ ಮಾಲೀಕ ಓಬಳೇಶ. ಗುರುವಾರ ನಲ್ಲಿ ರಿಪೇರಿಗೆಂದು ಬಂದವನು ನಲ್ಲಿಯನ್ನು ನೋಡಲೇ ಇಲ್ಲ. “ನಿಮ್ಮ ಮನಿಗೆ ಯಾರು ಬರ್ತಾರ ಅಂತ ನಾ ಕೇಳಂಗಿಲ್ರಿ. ಕೇಳಿದೋರಿಗೆ ನಾ ಏನು ಹೇಳ್ಲಿ, ಅದನ್ನ ಹೇಳ್ರಿ” ಎಂದ. ನನಗೆ ಒಬ್ಬ ಗಂಡಸಿನ ಸಹವಾಸವಿದೆಯಂತೆ. ಅವನನ್ನು ಬ್ಲಾಗಿನಲ್ಲಿ ‘ನಮ್ಮವರು’ ಎಂದು ಕರೆಯುತ್ತೇನಂತೆ.

ಅವತ್ತೇ ಭಾಗ್ಯಳಿಗೆ ಬೇರೆಯವರ ಫೋನಿನಿಂದ ಕರೆ ಮಾಡಿದೆ. ಪಾಪ, ಹುಡುಗಿ ಅತ್ತುಬಿಟ್ಟಳು. ಅವಳ ಮೇಲೆ ಸುಮ್ಮನೆ ಅನುಮಾನಪಟ್ಟೆ. ಹರಪನಹಳ್ಳಿ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಮಾತು ಎದ್ದಿತಂತೆ, ಕೂಡ್ಲಿಗಿಯವರೂ ಅಲ್ಲಿದ್ದರಂತೆ. ಹೇಳಿದವರು ಯಾರೆಂದು ಕೇಳಿದ್ದಕ್ಕೆ, “ಹೊರಗಿನೋರು ಅಲ್ರಿ ಅಕ್ಕಾರ, ನಿಮ್ಮ ಮನಿಯೋರೇ” ಎಂದಳು. ಹೆಸರು ಹೇಳಲು ಒಪ್ಪಲಿಲ್ಲ.

ನಮ್ಮ ಮನೆಯವರು ಎಂದರೆ ಎಷ್ಟು ಜನ ಇದ್ದಾರೆ, ಅಕ್ಕ? ನೀವು, ಮಾವನವರು, ಭೂಮಿಕಾ. ಭೂಮಿಕಾ ನನ್ನ ಬಗ್ಗೆ ಅಂಥ ಮಾತು ಆಡುವವಳಲ್ಲ. ಮಾವನವರಿಗೆ ಮೊದಲಿನಿಂದಲೂ ನಾನು ಕೂಡ್ಲಿಗಿಯಲ್ಲಿ ಒಬ್ಬಳೇ ಇರುವುದು ಸೇರುವುದಿಲ್ಲ. ಹೇಳಿದರೆ ಅವರಿಗೆ ಮುಜುಗರವಾಗುತ್ತದೆ ಎಂದಿರಲ್ಲ, ಯಾಕೆಂದು ಈಗ ತಿಳಿಯಿತು. ಅವರ ಬಾಯಿಂದ ಬಂದ ಮಾತನ್ನು ನೀವು ಮುಚ್ಚಿಡುತ್ತಿದ್ದೀರಿ. ಅವರು ನಿಮ್ಮ ಗಂಡ, ಮುಚ್ಚಿಡಿ. ನಿಮಗೆ ಹಾಗನ್ನಿಸಿಲ್ಲ ಎಂದು ಒಂದು ಮಾತು ಬರೆದರೆ ನನಗೆ ಸಾಕು. ಬಳೆ ತೆಗೆಸಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದವರು ನೀವು. ಅದನ್ನು ನಾನು ಮರೆತಿಲ್ಲ.

ಶಿವಲೀಲಾ


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಹರಪನಹಳ್ಳಿ
26 ಫೆಬ್ರವರಿ 2025

ಶಿವಲೀಲಾ,

ಹದಿನಾರನೇ ತಾರೀಖು ಭೂಮಿಕಾಳ ಮದುವೆಯಾಯಿತು. ನಿನಗೆ ಕಾರ್ಡು ಕಳಿಸಲಿಲ್ಲ. ಬರೆದು ಇಟ್ಟಿದ್ದೆ, ಅಂಚೆಗೆ ಹಾಕಲಿಲ್ಲ. ಮದುವೆ ಮುಗಿಯುವವರೆಗೆ ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ಬೇಡವೆಂದುಕೊಂಡೆ. ಈಗ ಮನೆ ಖಾಲಿಯಾಗಿದೆ.

ನಿಮ್ಮ ಮಾವನವರು ಒಂದು ಮಾತೂ ಆಡಿಲ್ಲ. ಅವರಿಗೆ ಇದೊಂದೂ ತಿಳಿಯದು. ಹೇಳಿದವಳು ನಾನು.

ಡಿಸೆಂಬರಿನಲ್ಲಿ ನಿನ್ನ ಕಾಗದ ಬಂದಾಗ ಸಂತೋಷವಾಗಿ, ನಿನ್ನ ಬ್ಲಾಗು ತೋರಿಸು ಎಂದು ಭೂಮಿಕಾಳನ್ನು ನಾನೇ ಕೇಳಿದೆ. ತೆಗೆದು ಕೈಗೆ ಕೊಟ್ಟಳು. ಮೊದಲ ಸಾಲೇ ಹೀಗಿತ್ತು: ‘ಬೆಳಿಗ್ಗೆ ಈ ಸೀರೆ ಉಟ್ಟು ನಿಂತಾಗ ನಮ್ಮವರು ನೋಡಿ ನಕ್ಕರು.’ ನನಗೆ ಮುಂದೆ ಅಕ್ಷರ ಕಾಣಲಿಲ್ಲ. ಫೋನು ವಾಪಸು ಕೊಟ್ಟೆ. ನನ್ನ ತಮ್ಮ ಸತ್ತು ಮೂರು ವರ್ಷ. ಇವತ್ತು ಬೆಳಿಗ್ಗೆ ನೋಡಿ ನಕ್ಕವನು ಯಾರು? ನೀನು ಇನ್ನೊಂದು ಮದುವೆಯಾಗುತ್ತೇನೆ ಎಂದು ಬಾಯಿಬಿಟ್ಟು ಕೇಳಿದ್ದರೆ ನಾನೇ ನಿಂತು ಮಾಡಿಸುತ್ತಿದ್ದೆ, ಆ ಮಾತು ನನ್ನ ಮನಸ್ಸಿನಲ್ಲಿ ಬಂದು ಹೋಗಿದ್ದೂ ಇದೆ. ಆದರೆ ಕದ್ದು ಮುಚ್ಚಿ, ಸಾವಿರಾರು ಜನರ ಮುಂದೆ ಬರೆದು, ನನ್ನೊಬ್ಬಳಿಗೆ ಮಾತ್ರ ಹೇಳದೆ ಇದ್ದೆ. ಆಗಸ್ಟಿನಲ್ಲಿ ಯಾಕೆ ಬರಲಿಲ್ಲ ಎಂಬುದು ಆಗ ಅರ್ಥವಾಯಿತು ಎಂದುಕೊಂಡೆ.

ಜನವರಿಯಲ್ಲಿ ಸೀರೆ ತರಲು ಹೋದೆವು. ಒಳಗೆ ಕಾಲಿಟ್ಟರೆ ಎದುರು ಗೋಡೆಯಲ್ಲಿ ನೀನು. ಆಳೆತ್ತರದ ಫೋಟೊ. ಕೆಂಪು ಸೀರೆ, ಕೊರಳಲ್ಲಿ ತಾಳಿ. ನೀನು ಕೋಗಳಿಯ ಕಂಬದ ಬಗ್ಗೆ ಬರೆದೆ, ಬಿಸಿಲಿನ ಬಗ್ಗೆ ಬರೆದೆ, ತಾಳಿಯ ಬಗ್ಗೆ ಬರೆಯಲಿಲ್ಲ. ನಮ್ಮ ಗುರುಬಸು ಕಟ್ಟಿದ್ದನ್ನು ಅವನ ಜೊತೆಗೇ ಮಣ್ಣಿಗೆ ಹಾಕಿದವಳು ನಾನು, ನನ್ನ ಕೈಯಿಂದಲೇ. ಮತ್ತೆ ಇದು ಯಾರದು?

ಉಜ್ಜಿನಪ್ಪನವರು ಕೈ ಮುಗಿದು ಎದ್ದು ಬಂದರು. “ನಿಮ್ಮ ತಮ್ಮನ ಹೇಣ್ತಿ ಅಂತಲ್ರಿ ನಮ್ಮ ಶಿವಲೀಲಾ. ತಮ್ಮಾರು ಏನು ಮಾಡ್ಕೊಂಡದಾರ್ರಿ ಈಗ?” ಎಂದರು. ನನಗೆ ಮೊದಲ ಸಲ ಕೇಳಿಸಲಿಲ್ಲ. ಅವರು ಮತ್ತೆ ಕೂಗಿ ಕೇಳಿದರು. ನಾನೂ ಕೂಗಿಯೇ ಹೇಳಿದೆನೇನೋ, ಕಿವಿ ಕೇಳದವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ. “ಸತ್ತು ಮೂರು ವರ್ಷ ಆತ್ರಿ” ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಹುಡುಗಿ ಭಾಗ್ಯ ಮೆಲ್ಲಗೆ ಹತ್ತಿರ ಬಂದು, ಹಾಗಾದರೆ ಶಿವಲೀಲಕ್ಕ ‘ನಮ್ಮವರು’ ಎಂದು ದಿನಾ ಬರೆಯುವುದು ಯಾರನ್ನು ಎಂದಳು. “ಅದನ್ನ ಆಕಿನ್ನೇ ಕೇಳವ್ವಾ. ನಮ್ಮ ಗುರುಬಸುನ್ನ ಅಂತೂ ಅಲ್ಲ” ಎಂದೆ.

ಕೆಲಸ ಕಳೆಯಬೇಕೆಂದು ಹೇಳಲಿಲ್ಲ. ಬಾಯಿಗೆ ಬಂತು, ಹೇಳಿದೆ. ಆದರೆ ಹೇಳಿದ ಮೇಲೆ ಮನಸ್ಸು ಹಗುರಾಯಿತು. ಅದು ಸುಳ್ಳಲ್ಲ.

ಈಗ ನೀನೂ ನನಗೆ ನೇರವಾಗಿ ಹೇಳು. ಆ ನಿಮ್ಮವರು ಯಾರು?

ಅನ್ನದಾನಮ್ಮ


ಕೂಡ್ಲಿಗಿ
4 ಮಾರ್ಚ್ 2025

ಅನ್ನದಾನಮ್ಮನವರಿಗೆ,

ಹೇಳುತ್ತೇನೆ. ನಮ್ಮವರು ಎಂದರೆ ನಿಮ್ಮ ತಮ್ಮ ಗುರುಬಸವರಾಜ. ಬೇರೆ ಯಾರೂ ಇಲ್ಲ. ಇರಲಿಲ್ಲ.

ಅವರು ಇಲ್ಲಿ ಸುಣ್ಣಬಣ್ಣದ ಅಂಗಡಿ ಇಟ್ಟಿದ್ದವರು. ದಿನವೆಲ್ಲ ಡಬ್ಬಿಯಲ್ಲಿ ಬಣ್ಣ ಕಲಸುತ್ತಿದ್ದರು. ಕಂಪನಿಯವರು ಇಟ್ಟ ಹೆಸರು ಗಿರಾಕಿಗಳಿಗೆ ತಿಳಿಯದು ಎಂದು ತಾವೇ ಹೆಸರಿಡುತ್ತಿದ್ದರು. ತೊಯ್ದ ಮಸಾರಿ, ಹಾಲುದೆನಿ, ಮಂಡಕ್ಕಿ ಬಿಳುಪು, ಹುಣಸೆ ತೊಕ್ಕು. ಅಂಗಡಿ ಮುಚ್ಚಿ ಬಂದ ಮೇಲೆ ನನ್ನ ಹೊಲಿಗೆಯ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಹಿಡಿದು, ಇದು ಇಂಥವರಿಗೆ ಒಪ್ಪುತ್ತದೆ, ಇದು ಒಪ್ಪುವುದಿಲ್ಲ ಎನ್ನುತ್ತಿದ್ದರು. ಎಂಟು ವರ್ಷ ದಿನಾ ಅದೇ ಮಾತು. ಬ್ಲಾಗಿನಲ್ಲಿ ನನ್ನದು ಏನೂ ಇಲ್ಲ. ಸೀರೆ ಉಟ್ಟ ಮೈ ಮಾತ್ರ ನನ್ನದು.

ಅವರು ಹೋಗಿ ಎಂಟು ತಿಂಗಳಾದ ಮೇಲೆ ಮೊದಲ ಸಲ ಬರೆದೆ. ‘ನಮ್ಮವರು ಹೀಗೆ ಅನ್ನುತ್ತಿದ್ದರು’ ಎಂದು ಬರೆದು ಓದಿದೆ. ಓದಿದಾಗ ಉಸಿರು ಕಟ್ಟಿತು. ಅದನ್ನು ಅಳಿಸಿ ‘ಅನ್ನುತ್ತಾರೆ’ ಎಂದು ಬರೆದೆ. ಆಗ ಉಸಿರಾಡಲು ಆಯಿತು. ಆಮೇಲೆ ಹಾಗೆಯೇ ಬರೆಯುತ್ತಾ ಹೋದೆ. ಓದುವವರು ಅವರು ಇದ್ದಾರೆ ಎಂದುಕೊಂಡರು, ನಾನು ತಿದ್ದಲಿಲ್ಲ. ಅಂಗಡಿಯ ಅರ್ಜಿಯಲ್ಲಿ ಗಂಡನ ಹೆಸರು ಕೇಳಿದ್ದರು, ಗುರುಬಸವರಾಜ ಎಂದು ಬರೆದೆ. ಇದ್ದಾರೋ ಇಲ್ಲವೋ ಎಂದು ಅದರಲ್ಲಿ ಕೇಳಿರಲಿಲ್ಲ. ಕೇಳಿದ್ದರೆ ಏನು ಬರೆಯುತ್ತಿದ್ದೆನೋ ಗೊತ್ತಿಲ್ಲ. ನಕ್ಕರು ಎಂದು ಬರೆದ ಆ ಬೆಳಿಗ್ಗೆ ನಾನು ನಿಂತಿದ್ದು ಗೋಡೆಯ ಮೇಲಿನ ಅವರ ಫೋಟೊದ ಎದುರಿಗೆ.

ತಾಳಿಯ ವಿಷಯ ಮುಚ್ಚಿಟ್ಟದ್ದು ತಪ್ಪು. ಅದು ಅಂಗಡಿಯವರು ತಂದಿದ್ದ ಗಿಲೀಟಿನದು. ಮದುಮಗಳ ಸೀರೆಗೆ ಅದಿಲ್ಲದಿದ್ದರೆ ನಡೆಯುವುದಿಲ್ಲ ಎಂದರು. ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ಹಾಕಿಕೊಂಡಾಗ ಸಂತೋಷವಾಯಿತು. ಅದನ್ನೂ ಹೇಳಿಬಿಡುತ್ತೇನೆ, ನಿಮಗೆ ಬೇಕಾದ ಅರ್ಥ ಮಾಡಿಕೊಳ್ಳಿ.

ನನ್ನ ಗಂಡ ಸತ್ತಿದ್ದಾರೆ ಎಂದು ನೀವು ಹೇಳಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಅದು ನಿಜ. ಅಂಗಡಿಯವರು ಅದಕ್ಕೇ ಬೇಡವೆಂದಿದ್ದರೂ ಅವರನ್ನು ಬೈದು ಸುಮ್ಮನಾಗುತ್ತಿದ್ದೆ. ಆದರೆ ನೀವು ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಇನ್ನು ನಾಲ್ಕೇ ಸಾಲು ಮುಂದೆ ಓದಿದ್ದರೆ ಅವರ ಮಾತು ನಿಮಗೆ ಗುರುತು ಸಿಗುತ್ತಿತ್ತು. ಓದಲಿಲ್ಲ. ಗುರುಬಸುವನ್ನು ಅಂತೂ ಅಲ್ಲ ಎಂದಿರಿ.

ಬ್ಲಾಗು ಇನ್ನೂ ಹಾಗೇ ಇದೆ. ಭೂಮಿಕಾ ತವರಿಗೆ ಬಂದಾಗ ಮೊದಲಿನಿಂದ ಕೊನೆಯವರೆಗೆ ಓದಿ.

ಶಿವಲೀಲಾ


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಹರಪನಹಳ್ಳಿ
30 ಮಾರ್ಚ್ 2025, ಯುಗಾದಿ

ಶಿವಲೀಲಾ, ನನ್ನವ್ವ,

ಮೊದಲ ಹಬ್ಬಕ್ಕೆ ಭೂಮಿಕಾ ಬಂದಿದ್ದಾಳೆ. ನಿನ್ನೆ, ಮೊನ್ನೆ ಎರಡು ದಿನ ಕುಳಿತು ಎಲ್ಲ ಓದಿದೆ. ಸಣ್ಣ ಅಕ್ಷರ ಕಾಣದ ಕಡೆ ಅವಳು ದೊಡ್ಡದು ಮಾಡಿ ಕೊಟ್ಟಳು. ಅವನೇ. ಪ್ರತಿ ಸಾಲಿನಲ್ಲೂ ಅವನೇ. ಆರು ವರ್ಷದವನಿದ್ದಾಗ ಹಬ್ಬಕ್ಕೆ ಹೊಲಿಸಿದ ಅಂಗಿಯನ್ನು, ಇದು ಹಳಸಿದ ಸಾರಿನ ಬಣ್ಣ, ನಾನು ಹಾಕೊಳ್ಳಲ್ಲ ಎಂದು ಎಸೆದಿದ್ದ. ಬೆನ್ನಿಗೆ ಒಂದು ಕೊಟ್ಟಿದ್ದೆ. ನಾನು ಆ ಹುಡುಗನನ್ನು ಗುರುತಿಸಲಿಲ್ಲ. ಅಳುವುದಕ್ಕೂ ನಾಚಿಕೆಯಾಗುತ್ತದೆ.

ನಿನ್ನ ಕಾಗದ ಬಂದ ವಾರವೇ ಹೊನ್ನಸೆರಗಿಗೆ ಹೋಗಿದ್ದೆ. ಒಬ್ಬಳೇ ಹೋದೆ. ನಾನು ಹೇಳಿದ್ದು ಸುಳ್ಳು, ಅವಳು ಬರೆಯುವುದು ನನ್ನ ತಮ್ಮನನ್ನೇ, ಅವಳ ನಡತೆಯಲ್ಲಿ ಒಂದು ಕಲೆಯೂ ಇಲ್ಲ ಎಂದು ಗಿರಾಕಿಗಳ ಮುಂದೆಯೇ ಹೇಳಿದೆ. ಉಜ್ಜಿನಪ್ಪನವರು ಕುರ್ಚಿ ಹಾಕಿಸಿ, ನೀರು ಕೊಡಿಸಿ, “ಆಕಿ ನಡತಿ ಬಗ್ಗೆ ನಾವು ಏನೂ ಅಂದಿಲ್ರಿ ಅಮ್ಮಾರ. ಗಂಡ ಇಲ್ಲ ಅನ್ನೋದು ಖರೇ ಹೌದಲ್ರಿ? ಮದುವಿ ಸೀರಿ ಮಾರೋ ಅಂಗಡಿ ಇದು. ನಮಗ ಅಷ್ಟೇ ಸಾಕಾತು” ಎಂದರು. ನಾನು ಆಡಿದ ಇನ್ನೊಂದು ಮಾತು ಅವರಿಗೆ ಬೇಕಾಗಿಯೇ ಇರಲಿಲ್ಲ. ಅದು ನಿನ್ನ ಓಣಿಗೆ ಮಾತ್ರ ಬೇಕಾಯಿತು.

ಎದ್ದು ಬರುವಾಗ ಸೀರೆಗಳಿಗೆ ಅಂಟಿಸಿದ ಚೀಟಿ ನೋಡಿದೆ. ಗೋಡೆಯಲ್ಲಿ ಯಾವಳೋ ಬೇರೆ ಹುಡುಗಿ. ಚೀಟಿಯಲ್ಲಿ ತೊಯ್ದ ಮಸಾರಿ, ಹಾಲುದೆನಿ, ಮಂಡಕ್ಕಿ ಬಿಳುಪು. ನೀನು ಇರಬಾರದು, ಅವನ ಮಾತು ಇರಬಹುದು. ಇದು ಹೇಗೆ ಎಂದು ಕೇಳಿದೆ. ಹೆಸರು ಯಾರಪ್ಪನದೂ ಅಲ್ಲವಲ್ಲ ಎಂದು ನಕ್ಕರು.

ಓಬಳೇಶನಿಗೆ ಕಾಗದ ಬರೆದಿದ್ದೇನೆ. ನಿಮ್ಮ ಮಾವನವರಿಗೂ ಎಲ್ಲ ಹೇಳಿದೆ, ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅದು ಸರಿ.

ಒಂದು ಬೇಡುತ್ತೇನೆ. ಭೂಮಿಕಾ ನಾಡಿದ್ದು ಇಟ್ಟಿಗಿಗೆ ಹೋಗುತ್ತಾಳೆ. ನನ್ನ ಬಳಿ ಅಂಥ ಫೋನಿಲ್ಲ. ಅವನು ಹೇಳಿದ್ದು ಎಂದು ನೀನು ಬರೆದದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದು ಕಳಿಸು. ಕಣ್ಣು ಕಾಣುವವರೆಗೆ ಓದಿಕೊಂಡಿರುತ್ತೇನೆ. ನೀನು ಹೂಂ ಎಂದರೆ ನಾನೇ ಕೂಡ್ಲಿಗಿಗೆ ಬಂದು ತೆಗೆದುಕೊಂಡು ಹೋಗುತ್ತೇನೆ.

ನಿನ್ನ ಅಕ್ಕ
ಅನ್ನದಾನಮ್ಮ


ಕೊಟ್ಟೂರು
2 ಮೇ 2025

ಅನ್ನದಾನಮ್ಮನವರಿಗೆ,

ನಿಮ್ಮ ಯುಗಾದಿಯ ಕಾಗದ ಅಂಚೆಯವರ ಕೈ ಸುತ್ತಿ ಬಂದು ಈಗ ಸಿಕ್ಕಿತು. ನಾನು ಕೂಡ್ಲಿಗಿ ಬಿಟ್ಟು ಒಂದು ತಿಂಗಳಾಯಿತು. ಓಬಳೇಶ ಬಿಡಿ ಎನ್ನಲಿಲ್ಲ. ಪ್ರತಿ ಸಲ ಬಾಗಿಲು ತೆರೆದಾಗ ಎದುರು ಮನೆಯವರು ನನ್ನ ಹಿಂದೆ ಒಳಗೆ ಯಾರಿದ್ದಾರೆ ಎಂದು ನೋಡುತ್ತಿದ್ದರು, ಅದು ಸಾಕಾಗಿತ್ತು. ಇಲ್ಲಿ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಕೂತಿದ್ದೇನೆ. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ಪು ಹಾಕುವುದು. ಮದುವೆಯ ಕುಪ್ಪಸಗಳನ್ನು ಬೇರೆಯವರು ಹೊಲಿಯುತ್ತಾರೆ, ನಾನಾಗಿ ಕೇಳುವುದಿಲ್ಲ.

ಬ್ಲಾಗಿನಲ್ಲಿ ನನ್ನ ಗಂಡ ತೀರಿಕೊಂಡಿದ್ದಾರೆ ಎಂದು ಬರೆದೆ. ಅರ್ಧ ಜನ ಬಿಟ್ಟು ಹೋದರು. ಉಳಿದವರು ಅಯ್ಯೋ ಎಂದರು. ಸೀರೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ನೀವು ಉಜ್ಜಿನಪ್ಪನವರ ಮುಂದೆ ನಿಂತು ಹೇಳಿದ್ದು ತಿಳಿಯಿತು. ಅಷ್ಟು ಮಾಡಲು ನಿಮಗೆ ಎಷ್ಟು ಕಷ್ಟವಾಗಿರಬೇಕು ಎಂಬುದೂ ಗೊತ್ತು. ಅದರಿಂದ ಯಾವುದೂ ತಿರುಗಿ ಬರಲಿಲ್ಲ.

ನೋಟುಪುಸ್ತಕದ ವಿಷಯ. ಬ್ಲಾಗಿನಲ್ಲಿದ್ದ ಅವರ ಮಾತುಗಳನ್ನೆಲ್ಲ ನೀವು ಓದಲೆಂದು ಅಷ್ಟು ದಿನ ಬಿಟ್ಟಿದ್ದೆ. ಓದಿ ಮುಗಿಯಿತು ಎಂದು ಭೂಮಿಕಾ ಯುಗಾದಿಯ ದಿನವೇ ಫೋನು ಮಾಡಿ ಹೇಳಿದಳು. ಅವತ್ತೇ ಒಂದೊಂದಾಗಿ ಅಳಿಸಿದೆ. ನಾಲ್ಕು ತಾಸು ಹಿಡಿಯಿತು. ಈಗ ಅವರ ಮಾತು ಇರುವುದು ಹೊನ್ನಸೆರಗಿನ ಚೀಟಿಗಳ ಮೇಲೆ, ಮತ್ತೆ ನನ್ನ ತಲೆಯಲ್ಲಿ.

ನನ್ನ ತಲೆಯಲ್ಲಿ ಎಲ್ಲವೂ ಇದೆ. ಬರೆಯಲು ಕುಳಿತರೆ ಎರಡು ದಿನದ ಕೆಲಸ. ಅದು ನಿಮಗೆ ಎಷ್ಟು ಬೇಕಾಗಿದೆ ಎಂದು ನನಗೆ ಗೊತ್ತು. ಅದಕ್ಕೇ ಬರೆಯುವುದಿಲ್ಲ.

ಕೊಟ್ಟೂರಿನ ವಿಳಾಸ ಹಾಕಿಲ್ಲ. ಹುಡುಕಿಕೊಂಡು ಬರಬೇಡಿ.

ಶಿವಲೀಲಾ